ಒಂದೇ ಬಟ್ಟಲಲ್ಲಿ ಎಡವೂ ಬಲವೂ

ಜೆ.ಪಿ. ನಗರದ ಹಲ್ಲಿನ ಡಾಕ್ಟರೊಬ್ಬರ ಕುರ್ಚಿಯ ಮೇಲೆ ನನ್ನಷ್ಟು ಸಲ ಒರಗಿದವರು ಇನ್ನೊಬ್ಬರಿಲ್ಲ. ಹಾಗಂತ ನನ್ನ ಹಲ್ಲಿಗೇನೂ ಆಗಿಲ್ಲ. ಕಬ್ಬು ಸಿಗಿದು ತಿನ್ನುವಷ್ಟು ಗಟ್ಟಿಯಾಗಿವೆ. ನಾನು ಅಲ್ಲಿ ಒರಗುವುದು ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುವುದಕ್ಕೆ.

ಭಾನುವಾರ ಮಧ್ಯಾಹ್ನ ಕ್ಲಿನಿಕ್‌ಗೆ ರಜೆ. ಆಗ ಅಲ್ಲಿ ನಾವು ಏಳೆಂಟು ಜನ ಸೇರುತ್ತೇವೆ. ಹೆಡ್‌ಫೋನ್ ಬಿಚ್ಚುತ್ತೇವೆ, ಕಂಪನಿಯವರು ಕೊಟ್ಟ ವೈರು ಕಿತ್ತು ನಾವೇ ಹೆಣೆದ ವೈರು ಹಾಕುತ್ತೇವೆ, ಕಿವಿಯ ಮೇಲೆ ಕೂರುವ ಮೆತ್ತೆ ಬದಲಾಯಿಸುತ್ತೇವೆ, ಒಳಗೆ ಹತ್ತಿ ತುರುಕಿ ನೋಡುತ್ತೇವೆ, ಚೆನ್ನಾಗಿಲ್ಲ ಅನ್ನಿಸಿದರೆ ತೆಗೆಯುತ್ತೇವೆ. ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಕೊಡಲು ನನ್ನ ಹತ್ತಿರ ಉತ್ತರವಿಲ್ಲ. ಈ ವಯಸ್ಸಲ್ಲಿ ಲಲಿತಾ ಸಹಸ್ರನಾಮದ ಕ್ಲಾಸಿಗೆ ಹೋಗುವುದು ಬಿಟ್ಟು ಇದೇನು ಹುಚ್ಚು ಎನ್ನುವ ನನ್ನ ನಾದಿನಿಗೂ ಉತ್ತರ ಕೊಟ್ಟಿಲ್ಲ. ಹುಚ್ಚೇ. ಯಾರಪ್ಪನ ಮನೆ ಗಂಟು ಹೋಗಬೇಕು?

ಈ ಕೆಲಸಕ್ಕೆ ಹಲ್ಲಿನ ಕ್ಲಿನಿಕ್‌ಗಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲೇ ಇಲ್ಲ. ತಲೆಯ ಮೇಲೆ ಬೇಕಾದ ಕಡೆಗೆ ತಿರುಗಿಸಬಹುದಾದ ದೊಡ್ಡ ದೀಪ. ಕೂದಲೆಳೆಯಂಥ ತಂತಿ ಹಿಡಿಯಲು ಸಣ್ಣ ಸಣ್ಣ ಚಿಮುಟಗಳು. ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿ. ಬಾಯಿಯ ಎಂಜಲು ಎಳೆಯುವ ಮಷೀನಿನ ಕೊಳವೆಯನ್ನು ಪಕ್ಕದಲ್ಲಿಟ್ಟರೆ ಬೆಸುಗೆಯ ಹೊಗೆಯನ್ನೂ ಅದು ಗಟಗಟ ಕುಡಿದುಬಿಡುತ್ತದೆ. ಡಾಕ್ಟರು ಸೋಮವಾರ ಬೆಳಿಗ್ಗೆ ಎಲ್ಲವನ್ನೂ ತೊಳೆಸಿ, ಬಿಸಿ ಮಾಡಿಸಿಯೇ ರೋಗಿಗಳನ್ನು ಒಳಗೆ ಬಿಡುವುದು. ಅದನ್ನು ನಾನೇ ಒಂದು ಸಲ ನಿಂತು ನೋಡಿದ್ದೇನೆ. ನಂಬಿಕೆ ಇರಲಿಲ್ಲ, ಅದಕ್ಕೇ ಹೋಗಿ ನೋಡಿದೆ.

ನಮ್ಮಲ್ಲೊಂದು ಪದ್ಧತಿ ಇದೆ. ಯಾರಾದರೂ ಹೊಸ ಕೇಬಲ್ ಮಾಡಿ ತಂದರೆ ಅದನ್ನು ಮೊದಲು ಕೇಳುವುದು ಮಾಡಿದವರಲ್ಲ, ಇನ್ನೊಬ್ಬರು. ಅವರು ಹಲ್ಲಿನ ಕುರ್ಚಿಯಲ್ಲಿ ಒರಗಿ ಕಣ್ಣಿನ ಮೇಲೆ ಟವೆಲ್ ಹಾಕಿಕೊಳ್ಳಬೇಕು. ಮಾಡಿದವರು ಹೊರಗೆ ಕಾರಿಡಾರಿನಲ್ಲಿ ಕಾಯಬೇಕು. ಒಳಗಿರುವವರು ಮಾತಾಡುವ ಹಾಗಿಲ್ಲ. ಎಲ್ಲರ ಕೇಬಲ್‌ಗೂ ಅದೇ ಹಾಡು, ಹಳೆಯ ಕಚೇರಿಯೊಂದರ ರೆಕಾರ್ಡಿಂಗ್. ನಡುವೆ ಹಾಡುವವರ ದನಿ, ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಹಾಡು ಮುಗಿದ ಮೇಲೆ ಕುರ್ಚಿಯಲ್ಲಿರುವವರು ಟವೆಲ್ ತೆಗೆದು ಹೇಳುವುದೇ ತೀರ್ಪು. ಅದನ್ನು ನಾವು ಮೊದಲ ಕೇಳ್ವಿಕೆ ಎನ್ನುತ್ತೇವೆ.

ಮೊದಲ ಕೇಳ್ವಿಕೆ ನನ್ನದಾಗಿತ್ತು. ಯಾರೂ ಕೊಟ್ಟಿದ್ದಲ್ಲ, ತಾನಾಗಿ ಬಂದಿದ್ದು. ನಾನು ಜಯನಗರದ ಬ್ಯಾಂಕೊಂದರಲ್ಲಿ ಸಾಲದ ಅರ್ಜಿ ನೋಡುವವಳು. ಮುಖ ನೋಡಿಕೊಂಡು ಇಲ್ಲ ಎಂದು ಹೇಳುವುದು ನನಗೆ ಅಭ್ಯಾಸ. ಉಳಿದವರು ಸ್ನೇಹಿತರ ಮನಸ್ಸು ನೋಯದಿರಲಿ ಎಂದು ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಿದ್ದರು. ನಾನು ಎನ್ನುತ್ತಿರಲಿಲ್ಲ. ಜೊತೆಗೆ ಹೆಣಿಗೆಯೂ ನನ್ನದೇ. ನಾಲ್ಕೆಳೆ ತಂತಿಯನ್ನು ಬಿಗಿಯಾಗಿ, ಸಮವಾಗಿ ಹೆಣೆಯುವುದು ಗಂಡಸರಿಗೆ ಬಗ್ಗುವುದಿಲ್ಲ. ನಮ್ಮಮ್ಮ ನನಗೆ ಹಬ್ಬಕ್ಕೆ ನಾಲ್ಕು ಕಾಲಿನ ಜಡೆ ಹಾಕುತ್ತಿದ್ದಳು, ನಾನು ತಂಗಿಗೆ ಹಾಕುತ್ತಿದ್ದೆ. ಅದೇ ಕೈ, ಅದೇ ಲೆಕ್ಕ. ಒಂದೆಳೆಗೆ ಮಾತ್ರ ಕೆಂಪು ದಾರ ಸುತ್ತುತ್ತಿದ್ದೆ, ಯಾವುದು ಯಾವುದೆಂದು ಗುರುತಿಗೆ. ಅಂದ ಕೆಡುತ್ತದೆ ಎಂದು ನಮ್ಮ ಗುಂಪಿನ ಆಡಿಟರ್ ಮುಖ ಸಿಂಡರಿಸಿದರೂ ನಾನು ಬಿಟ್ಟವಳಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಎದ್ದರೆ ನನ್ನ ಬಲಗಿವಿ ಮುಚ್ಚಿಕೊಂಡಿತ್ತು. ಸ್ನಾನದ ನೀರು ಹೋಗಿರಬೇಕು ಎಂದುಕೊಂಡು ತಲೆ ವಾಲಿಸಿ ಕುಣಿದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಂಕಿನಲ್ಲಿ ಫೋನನ್ನು ಬಲಗಿವಿಗೆ ಹಿಡಿದರೆ ಫೋನೇ ಸತ್ತಿದೆ ಅನ್ನಿಸಿತು. ಫೋನ್ ಸತ್ತಿರಲಿಲ್ಲ. ಕಿವಿಯ ಡಾಕ್ಟರು ಗಾಜಿನ ಬಾಗಿಲಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿದರು, ಮಾತ್ರೆ ಕೊಟ್ಟರು, ಕಿವಿಯೊಳಗೇ ಇಂಜೆಕ್ಷನ್ ಕೊಟ್ಟರು. ಕೆಲವರಿಗೆ ಹೀಗೆ ಇದ್ದಕ್ಕಿದ್ದಂತೆ ಹೋಗುತ್ತದಂತೆ, ಕೆಲವರಿಗೆ ವಾಪಸ್ ಬರುತ್ತದಂತೆ. ನನಗೆ ಬರಲಿಲ್ಲ. ಕೊನೆಯ ಪರೀಕ್ಷೆಯಾದ ಮೇಲೆ ಡಾಕ್ಟರು, "ಎಡಗಿವಿ ಚೆನ್ನಾಗಿದೆ ಮೇಡಂ, ಅದನ್ನ ಜೋಪಾನ ಮಾಡ್ಕೊಳ್ಳಿ" ಎಂದರು. ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಪಾಪ, ಅವರ ತಪ್ಪೇನೂ ಇರಲಿಲ್ಲ.

ಒಂದು ಕಿವಿ ಹೋದರೆ ಶಬ್ದ ಅರ್ಧವಾಗುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ. ಶಬ್ದ ಎಲ್ಲಿಂದ ಬಂತೆಂಬುದೇ ಹೋಗಿಬಿಡುತ್ತದೆ. ಕುಕ್ಕರ್ ಕೂಗಿದರೆ ಅಡುಗೆಮನೆಯಲ್ಲೋ ಪಕ್ಕದ ಮನೆಯಲ್ಲೋ ತಿಳಿಯದು. ತ್ಯಾಗರಾಜನಗರದಲ್ಲಿ ನಮ್ಮ ಬೀದಿ ದಾಟಲು ನಿಂತರೆ ಹಾರ್ನ್ ಕೇಳುತ್ತದೆ, ಸ್ಕೂಟರ್ ಯಾವ ಕಡೆಯಿಂದ ಬರುತ್ತಿದೆ ಎಂದು ಎರಡೂ ಕಡೆ ಕತ್ತು ತಿರುಗಿಸಿ ಹುಡುಕಬೇಕು. ಸಂಗೀತಕ್ಕೆ ಆದದ್ದು ಇನ್ನೂ ಕೆಟ್ಟದ್ದು. ಅದೇ ಕಚೇರಿಯ ರೆಕಾರ್ಡಿಂಗ್ ಹಾಕಿಕೊಂಡೆ. ಪಿಟೀಲು ಇತ್ತು, ದನಿ ಇತ್ತು, ಮೃದಂಗ ಇರಲಿಲ್ಲ. ಯಾರೋ ಆ ಮನುಷ್ಯನನ್ನು ವೇದಿಕೆಯಿಂದ ಎಬ್ಬಿಸಿ ಕಳಿಸಿದ್ದರು. ಹೆಡ್‌ಫೋನನ್ನು ತಿರುವಿ ಹಾಕಿಕೊಂಡೆ. ಮೃದಂಗ ಬಂತು, ಪಿಟೀಲು ಹೋಯಿತು. ಆವತ್ತು ಅದನ್ನು ಮಂಚದ ಮೇಲೆ ಎಸೆದು ಮಾರುಕಟ್ಟೆಗೆ ಹೋಗಿ ಬೇಡದ ತರಕಾರಿಯೆಲ್ಲ ತಂದೆ.

ಕಿವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಸುತ್ತಲಿನವರ ಮೆದುತನ. ಎಲ್ಲರೂ ಒಮ್ಮೆಗೇ ಒಳ್ಳೆಯವರಾಗಿಬಿಟ್ಟರು. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಸರಿಸುತ್ತಿದ್ದ ಗಂಡ ಮಾತಿಲ್ಲದೆ ಉಣ್ಣತೊಡಗಿದರು. ಬ್ಯಾಂಕಿನಲ್ಲಿ ನನ್ನ ಮೇಲಿನವರು ನಾನು ಬಿಟ್ಟ ತಪ್ಪನ್ನು ತಾವೇ ತಿದ್ದಿಕೊಂಡು ಸುಮ್ಮನಾದರು. ಅವರೆಲ್ಲ ನನ್ನ ಮುಂದೆ ಕಾಲ್ಬೆರಳ ಮೇಲೆ ನಡೆಯುತ್ತಿದ್ದರು. ನನಗೆ ಅವರ ಕಾಲು ತುಳಿಯಬೇಕು ಅನ್ನಿಸುತ್ತಿತ್ತು.

ಕ್ಲಿನಿಕ್‌ಗೆ ಮತ್ತೆ ಹೋದ ಭಾನುವಾರ ಅಲ್ಲೂ ಅದೇ ಆಯಿತು. ಬಿ.ಟಿ.ಎಂ. ಲೇಔಟಿನಿಂದ ಬರುವ, ಒಂದೇ ರೂಮಿನಲ್ಲಿರುವ ಇಬ್ಬರು ಹುಡುಗರು ಎದ್ದು ನಿಂತು ನಮಸ್ಕಾರ ಮಾಡಿದರು. ಅವರು ಹಿಂದೆ ಎಂದೂ ನನಗಾಗಿ ಎದ್ದವರಲ್ಲ. ನಾನು ಟವೆಲ್ ಎತ್ತಿಕೊಂಡು ಕುರ್ಚಿಯ ಕಡೆ ಹೊರಟಾಗ ಹಲ್ಲಿನ ಡಾಕ್ಟರು ತಡೆದರು.

"ಮೇಡಂ, ನೀವು ಆರಾಮಾಗಿ ಕೂತ್ಕೊಳ್ಳಿ. ಇವತ್ತು ಆಡಿಟರ್ ಸಾರ್ ಕೇಳ್ತಾರೆ."

"ಯಾಕೆ?"

"ಏನಿಲ್ಲ ಮೇಡಂ, ನಿಮ್ಗೆ ಯಾಕೆ ಶ್ರಮ ಅಂತ."

ಗೋಡೆಯ ಪಕ್ಕ ನನಗೆಂದೇ ಒಂದು ಮೆತ್ತನೆಯ ಕುರ್ಚಿ ಹಾಕಿದ್ದರು, ರಿಸೆಪ್ಷನಿನಿಂದ ತಂದದ್ದು. ಅದರಲ್ಲಿ ಕೂತು ಆಡಿಟರು ಟವೆಲ್ ಹೊದ್ದುಕೊಂಡು ತಲೆದೂಗುವುದನ್ನು ನೋಡಿದೆ. ಆಡಿಟರು ಬನಶಂಕರಿಯವರು. ಲೆಕ್ಕದಲ್ಲಿ ಪೈಸೆ ಬಿಡದ ಮನುಷ್ಯ, ಸಂಗೀತ ಕೇಳುವಾಗ ಮಾತ್ರ ಕರಗಿ ನೀರಾಗುತ್ತಾರೆ. ಅವರ ತೀರ್ಪು ಚೆನ್ನಾಗಿದೆ, ತುಂಬಾ ಚೆನ್ನಾಗಿದೆ ಎಂಬೆರಡು ಮಾತಿನ ನಡುವೆ ಓಡಾಡುತ್ತದೆ. ಆಮೇಲೆ ಎಲ್ಲರಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಣೆಯಲು ತಂತಿಯನ್ನೂ ಯಾರೂ ಕೊಡಲಿಲ್ಲ. ಹೆಣಿಗೆಗೂ ಕಿವಿಗೂ ಏನು ಸಂಬಂಧ ಎಂದು ಕೇಳೋಣವೆಂದುಕೊಂಡೆ. ಕೇಳಿದರೆ ಇನ್ನಷ್ಟು ಮೆದುವಾಗುತ್ತಾರೆ ಎಂದು ಕೇಳಲಿಲ್ಲ.

ಮೆಟ್ರೋದಲ್ಲಿ ವಾಪಸ್ ಬರುವಾಗ ಒಂದು ಮಾತು ಸ್ಪಷ್ಟವಾಯಿತು. ಆ ಕುರ್ಚಿ ನನಗೆ ಬೇಕು. ಕಿವಿ ಹೋಗಿದ್ದನ್ನು ನಾನು ತಡೆಯಲಾಗಲಿಲ್ಲ. ಅದರ ಹಿಂದೆಯೇ ಕುರ್ಚಿಯೂ ಹೋಗುವುದನ್ನು ಕೈಕಟ್ಟಿ ನೋಡುವವಳು ನಾನಲ್ಲ.

ದಾರಿ ಹೇಳುವವರಿಗೆ ಕೊರತೆ ಇರಲಿಲ್ಲ. ಬಿ.ಟಿ.ಎಂ. ಹುಡುಗರಲ್ಲಿ ದೊಡ್ಡವನು, ಎಡ ಬಲ ಎರಡನ್ನೂ ಬೆರೆಸಿ ಕೇಳಿಸುವ ಸೌಲಭ್ಯ ಮೊಬೈಲಿನಲ್ಲೇ ಇದೆ ಎಂದು ತೋರಿಸಿದ. ಇದೆ, ನನಗೂ ಗೊತ್ತು. ಮನೆಯಲ್ಲಿ ಕೂತು ಹಾಡು ಕೇಳಿಕೊಳ್ಳುವವರಿಗೆ ಅದು ಸಾಕು. ನನಗೆ ಬೇಕಾದದ್ದು ಕೇಬಲ್ ಪರೀಕ್ಷೆ. ಕೇಬಲಿಗೆ ಎರಡು ಬಾಲವಿರುತ್ತವೆ, ಒಂದು ಎಡಗಿವಿ ಮುಚ್ಚುವ ಬಟ್ಟಲಿಗೆ, ಒಂದು ಬಲದ ಬಟ್ಟಲಿಗೆ. ಮೊಬೈಲು ಏನೇ ಬೆರೆಸಲಿ, ಬಲದ ಬಾಲದಲ್ಲಿ ಹೋಗುವುದೆಲ್ಲ ನನ್ನ ಸತ್ತ ಕಿವಿಗೇ ಹೋಗುತ್ತದೆ. ಆ ಬಾಲದಲ್ಲಿ ಏನಾಗಿದೆ ಎಂದು ನಾನು ಹೇಗೆ ಹೇಳಲಿ?

ದೋಸೆ ಹುಯ್ಯುತ್ತಿದ್ದಾಗ ಹೊಳೆಯಿತು. ಬಲದ ಬಟ್ಟಲಿನಲ್ಲಿರುವ ಪುಟ್ಟ ಸ್ಪೀಕರಿಗೆ ಅಲ್ಲೇನು ಕೆಲಸ? ಅಲ್ಲಿ ಕೇಳುವವರು ಯಾರೂ ಇಲ್ಲವಲ್ಲ. ಅದನ್ನು ಕಿತ್ತು ಎಡದ ಬಟ್ಟಲಿಗೆ ತಂದು ಇನ್ನೊಂದರ ಪಕ್ಕದಲ್ಲಿ ಕೂರಿಸಿದರಾಯಿತು. ಎರಡು ಸ್ಪೀಕರ್, ಒಂದು ಕಿವಿ. ಎರಡೂ ಬಾಲ ಒಂದೇ ಬಟ್ಟಲಿಗೆ. ದೋಸೆ ಸೀದಿತ್ತು. ಗಂಡ ಅದನ್ನೂ ಮಾತಾಡದೆ ತಿಂದರು.

ಬ್ಯಾಂಕಿಗೆ ರಜೆಯಿದ್ದ ಶನಿವಾರ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಕೂತೆ. ನನ್ನ ಹತ್ತಿರವಿದ್ದದ್ದರಲ್ಲಿ ಅತಿ ದೊಡ್ಡ ಬಟ್ಟಲಿನ ಹೆಡ್‌ಫೋನನ್ನೇ ಆರಿಸಿಕೊಂಡಿದ್ದೆ. ಮೆತ್ತೆ ಕಿತ್ತೆ, ಸ್ಕ್ರೂ ಬಿಚ್ಚಿದೆ, ಬಲದ ಸ್ಪೀಕರನ್ನು ಅಂಟಿನಿಂದ ಬಿಡಿಸಿದೆ. ಐಸ್‌ಕ್ರೀಂ ಡಬ್ಬಿಯ ಮುಚ್ಚಳ ಕತ್ತರಿಸಿ ಎರಡು ದುಂಡನೆಯ ತೂತು ಮಾಡಿ, ಎರಡನ್ನೂ ಒಂದರ ಕೆಳಗೊಂದು, ಕಿವಿಯ ಕಡೆಗೆ ತುಸು ವಾಲಿಸಿ ಕೂರಿಸಿದೆ. ಗಂಡ ಬಂದು ಎದುರಿಗೆ ಕೂತರು. ಬಹಳ ದಿನದಿಂದ ಹೇಳಬೇಕೆಂದಿದ್ದದ್ದು ಅವರ ಮುಖದಲ್ಲಿತ್ತು.

"ಇರೋ ಒಂದು ಕಿವೀನಾದ್ರೂ ಉಳಿಸ್ಕೊಬಾರ್ದಾ?"

"ಉಳಿಸ್ಕೊಳ್ಳೋಕೆ ಏನ್ ಮಾಡ್ಬೇಕು? ಹತ್ತಿ ಇಟ್ಕೊಂಡು ಡಬ್ಬೀಲಿ ಹಾಕಿಡ್ಲಾ?"

"ಹಾಗಲ್ಲ. ಅದೂ ಹೋದ್ರೆ?"

ನನಗೂ ಅದೇ ಭಯವಿತ್ತು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ದಿನವೂ ಎದ್ದ ಕೂಡಲೇ ಎಡಗಿವಿಯ ಹತ್ತಿರ ಬೆರಳು ಉಜ್ಜಿ ಕೇಳಿಸುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ, ಈಗಲೂ ನೋಡಿಕೊಳ್ಳುತ್ತೇನೆ. ಆದರೆ ಭಯವಿದೆ ಎಂದು ಕಿವಿಯನ್ನು ಬಳಸದೆ ಇಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಸೌಂಡು ಎಷ್ಟೇ ತಿರುಗಿಸಿದರೂ ಜೋರಾಗದಂತೆ ತಡೆಯುವ ಸಣ್ಣ ರೆಸಿಸ್ಟರ್‌ಗಳನ್ನು ಒಳಗೆ ಹಾಕುತ್ತಿದ್ದೇನೆಂದು ಅವರಿಗೆ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಸೋಲ್ಡರಿಂಗ್ ಐರನ್ನಿನ ವೈರು ಕಾಲಿಗೆ ತೊಡರದ ಹಾಗೆ ಎತ್ತಿ ಹಿಡಿದುಕೊಂಡು ಕೂತರು.

ಸ್ಪೀಕರಿನ ತಂತಿ ಬರಿಗಣ್ಣಿಗೆ ತಾಮ್ರದಂತೆ ಕಂಡರೂ ಅದರ ಮೇಲೆ ತೆಳ್ಳನೆಯ ಬಣ್ಣದ ಪೊರೆ ಇರುತ್ತದೆ. ಅದನ್ನು ಸುಟ್ಟು ಕೆರೆಯದೆ ಬೆಸುಗೆ ಹಾಕಿದರೆ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಹೊಸಬರೆಲ್ಲ ಇಲ್ಲೇ ಮುಗ್ಗರಿಸುವುದು. ನಾನು ಒಂದೊಂದನ್ನೂ ಸುಟ್ಟು, ಕೆರೆದು, ಬೆಸೆದೆ. ಎರಡು ಸಾಕೆಟ್‌ಗಳನ್ನೂ ಎಡದ ಬಟ್ಟಲಿಗೇ ಕೂರಿಸಿದೆ. ಬರಿದಾದ ಬಲದ ಬಟ್ಟಲು ಹಗುರವಾಗಿ ಇಡೀ ಹೆಡ್‌ಫೋನ್ ಎಡಕ್ಕೆ ಜಾರತೊಡಗಿತು. ಹೊಲಿಗೆ ಮಷೀನಿನ ಹಳೆಯ ಕಬ್ಬಿಣದ ಬಾಬಿನ್‌ಗಳನ್ನು ಹತ್ತಿಯಲ್ಲಿ ಸುತ್ತಿ ಅಲ್ಲಿ ತುಂಬಿದೆ. ನೋಡಲು ದರಿದ್ರವಾಗಿತ್ತು. ತಲೆಯ ಮೇಲೆ ಗಟ್ಟಿಯಾಗಿ ಕೂತಿತು.

ಕಚೇರಿ ಹಾಕಿದೆ. ಪಿಟೀಲು ಬಂತು. ದನಿ ಬಂತು. ಆಮೇಲೆ ಮೃದಂಗ ಬಂತು, ಅದೂ ಅವರ ಜೊತೆಯಲ್ಲೇ, ಒಂದೇ ಜಮಖಾನದ ಮೇಲೆ ಒತ್ತಿಕೊಂಡು ಕೂತ ಹಾಗೆ. ಎಡ ಬಲ ಎಂಬುದು ಇರಲಿಲ್ಲ. ಅದು ಇನ್ನು ನನಗೆ ಬರುವುದೂ ಇಲ್ಲ. ಆದರೆ ಯಾರನ್ನೂ ಎಬ್ಬಿಸಿ ಕಳಿಸಿರಲಿಲ್ಲ. ನಾನು ಅತ್ತುಬಿಟ್ಟೆ. ಗಂಡ ಗಾಬರಿಯಾಗಿ ಐರನ್ನಿನ ವೈರು ಬಿಟ್ಟರು, ಐರನ್ ಉರುಳಿ ಮೇಜಿನ ಹೊದಿಕೆಯಲ್ಲೊಂದು ಸುಟ್ಟ ಗಾಯವಾಯಿತು. ಅದು ಇನ್ನೂ ಇದೆ.

ಅದನ್ನು ಕ್ಲಿನಿಕ್‌ಗೆ ತೆಗೆದುಕೊಂಡು ಹೋದ ಭಾನುವಾರ ಬೇರೆಯೇ ಸಂಭ್ರಮ ನಡೆದಿತ್ತು. ಆಡಿಟರು ಬೆಳ್ಳಿಯ ಕೇಬಲ್ ಮಾಡಿ ತಂದಿದ್ದರು. ತಂತಿ ಬೆಳ್ಳಿ, ಮೇಲೆ ಗಾಜಿನಂಥ ಹೊದಿಕೆ, ನಾಲ್ಕೆಳೆಯೂ ಒಂದೇ ಬಿಳುಪು. ಕೆಂಪು ದಾರವಿಲ್ಲ, ಗುರುತಿಲ್ಲ. ಹೆಣಿಗೆಯನ್ನೂ ತಾವೇ ಮಾಡಿದ್ದರು. ಅಲ್ಲಲ್ಲಿ ಸಡಿಲವಾಗಿತ್ತು, ಆದರೂ ಲಕಲಕ ಎನ್ನುತ್ತಿತ್ತು. ಅವರು ಕಾರಿಡಾರಿಗೆ ಹೋದರು, ಡಾಕ್ಟರು ತಾವೇ ಕುರ್ಚಿಯಲ್ಲಿ ಒರಗಿದರು. ಹಾಡು ಮುಗಿದಾಗ ಡಾಕ್ಟರ ಕಣ್ಣು ತೇವವಾಗಿತ್ತು.

"ದನಿ ತಲೆ ಒಳಗಿಂದ ಆಚೆ ಬಂದ್ಬಿಟ್ಟಿದೆ. ಸುತ್ತ ಹರಡ್ಕೊಂಡಿದೆ. ಇಷ್ಟು ದೊಡ್ಡ ಹಾಲ್ ಅಂತ ಇವತ್ತೇ ಗೊತ್ತಾಗಿದ್ದು" ಎಂದರು.

ಬಿ.ಟಿ.ಎಂ. ಹುಡುಗರು ಒಬ್ಬರಾದ ಮೇಲೊಬ್ಬರು ಕೇಳಿದರು. "ಸಖತ್ತಾಗಿದೆ ಗುರು, ಬೆಳ್ಳಿ ಬೆಳ್ಳೀನೇ" ಎಂದ ಚಿಕ್ಕವನು. ಆಡಿಟರು ಒಳಗೆ ಬಂದು, ತಾವೂ ಒಂದು ಸಲ ಕೇಳಿ, ನಾಚಿಕೊಂಡು ನಿಂತರು.

"ನಾನೂ ಕೇಳ್ಬೇಕು" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚೀಲದಿಂದ ನನ್ನ ವಿಕಾರವಾದ ಹೆಡ್‌ಫೋನ್ ತೆಗೆದೆ, ಏನು ಮಾಡಿದ್ದೇನೆಂದು ಹೇಳಿದೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೇಡ ಎನ್ನಲು ಅವರಿಗೆ ಮೆತ್ತನೆಯ ಮಾತು ಸಿಗುವಷ್ಟರಲ್ಲಿ ನಾನು ಹಲ್ಲಿನ ಕುರ್ಚಿ ಹತ್ತಿ ಆಗಿತ್ತು. ಟವೆಲನ್ನು ನಾನೇ ಹಾಕಿಕೊಂಡೆ. ಬೆಳ್ಳಿಯ ಎರಡೂ ಬಾಲಗಳನ್ನು ಒಂದೇ ಬಟ್ಟಲಿಗೆ ಚುಚ್ಚಿದೆ.

ಪಿಟೀಲು ಬಂತು. ಮೃದಂಗ ಬಂತು. ಹಾಡುವವರು ಇಲ್ಲ.

ಇಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಪಕ್ಕದ ಬೀದಿಯಲ್ಲಿ ಯಾರೋ ಬಚ್ಚಲುಮನೆಯೊಳಗೆ ಹಾಡಿಕೊಂಡಂತೆ ಒಂದು ತೆಳುವಾದ ಎಳೆ, ಅಷ್ಟೇ. ಎಡಗಿವಿಯೂ ಹೋಯಿತು ಎಂದುಕೊಂಡೆ. ಆ ಕ್ಷಣದ ಭಯವನ್ನು ನಾನು ಶತ್ರುವಿಗೂ ಬಯಸುವುದಿಲ್ಲ. ಟವೆಲಿನ ಕೆಳಗೇ ಬೆರಳು ಉಜ್ಜಿದೆ, ಬಟ್ಟಲನ್ನು ತುಸು ಎತ್ತಿ. ಕೇಳಿಸಿತು. ಹಾಗಾದರೆ ನನ್ನ ಬೆಸುಗೆ ಬಿಟ್ಟಿರಬೇಕು ಎಂದು ಬೆಳ್ಳಿಯನ್ನು ಕಿತ್ತು ನನ್ನ ಹಳೆಯ ಕೇಬಲನ್ನು ಹಾಕಿದೆ. ಹಾಡುವವರು ಬಂದು ನಡುವೆ ಕೂತರು. ಮತ್ತೆ ಬೆಳ್ಳಿ. ಎದ್ದು ಹೋದರು.

ಆಗ ಅರ್ಥವಾಯಿತು. ಪ್ರತಿ ಬಾಲದಲ್ಲೂ ಎರಡು ಎಳೆ ಇರುತ್ತವೆ, ಒಂದು ಪ್ಲಸ್, ಒಂದು ಮೈನಸ್. ಒಂದು ಕಡೆ ಅದು ಅದಲುಬದಲಾದರೂ ಹಾಡು ನಿಲ್ಲುವುದಿಲ್ಲ. ಎರಡೂ ಸ್ಪೀಕರು ಹಾಡುತ್ತವೆ, ಆದರೆ ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಎರಡು ಕಿವಿ ಇರುವವರಿಗೆ ಅದು ಬೇರೆ ಬೇರೆಯಾಗಿ ಹೋಗುವುದರಿಂದ ದನಿ ನಡುವೆ ನಿಲ್ಲದೆ ಸುತ್ತಲೂ ಚೆದುರುತ್ತದೆ. ಅದನ್ನೇ ನಮ್ಮವರು ದೊಡ್ಡ ಹಾಲ್ ಎಂದುಕೊಂಡು ಕಣ್ಣೀರು ಹಾಕಿದ್ದು. ನನಗಿರುವುದು ಒಂದೇ ಕಿವಿ, ಒಂದೇ ಬಟ್ಟಲು. ಅಲ್ಲಿ ಅವೆರಡೂ ಎದುರುಬದುರಾದವು, ಒಂದೇ ಬಾಗಿಲನ್ನು ಇಬ್ಬರು ಎರಡು ಕಡೆಯಿಂದ ತಳ್ಳಿದ ಹಾಗೆ. ಎಡಕ್ಕಷ್ಟೇ ಇದ್ದ ಪಿಟೀಲು, ಬಲಕ್ಕಷ್ಟೇ ಇದ್ದ ಮೃದಂಗ ಉಳಿದವು. ಎರಡೂ ಕಡೆ ಸಮನಾಗಿದ್ದ ದನಿ ಸತ್ತಿತು.

ಟವೆಲ್ ತೆಗೆದು ಹೇಳಿದೆ. "ಒಂದು ಕಡೆ ಪ್ಲಸ್ ಮೈನಸ್ ಉಲ್ಟಾ ಆಗಿದೆ."

"ಚಾನ್ಸೇ ಇಲ್ಲ ಮೇಡಂ. ಮೀಟರಲ್ಲಿ ಚೆಕ್ ಮಾಡಿದೀನಿ, ತಂತಿ ಕೂಡಿದೆ ಅಂತ ಎಲ್ಲಾ ಕಡೆ ಬೀಪ್ ಬಂತು" ಎಂದರು ಆಡಿಟರು.

"ಬೀಪ್ ಬಂತು ಸರಿ. ಯಾವ ಎಳೆಗೆ ಬಂತು ಅಂತ ನೋಡಿದ್ರಾ? ನಾಲ್ಕೂ ಒಂದೇ ಬಣ್ಣ."

ಡಾಕ್ಟರು ದೀಪ ಎಳೆದುಕೊಂಡು, ಭೂತಗನ್ನಡಿ ಕಟ್ಟಿಕೊಂಡು, ಹಲ್ಲು ಕೀಳುವ ಎಚ್ಚರದಲ್ಲಿ ಬಲದ ಪಿನ್ನನ್ನು ಬಿಚ್ಚಿದರು. ಮೀಟರಿನ ಕಡ್ಡಿಯಿಟ್ಟು ನೋಡಿದರು. ಉಲ್ಟಾ ಆಗಿತ್ತು. ಐರನ್ ಕಾಯಿಸಿ ಎರಡು ಎಳೆಗಳನ್ನು ಅದಲುಬದಲು ಮಾಡಿ ಬೆಸೆದು ಆಡಿಟರನ್ನೇ ಕೂರಿಸಿದರು. ಅವರು ಕೇಳಿ, ಟವೆಲ್ ತೆಗೆದು, ಪ್ರಾಮಾಣಿಕವಾಗಿಯೇ ಹೇಳಿದರು.

"ಈಗ ಸರಿ ಇದೆ. ಆದ್ರೆ ಮೊದಲು ಕೇಳಿದ್ದೇ ದೊಡ್ಡದಾಗಿತ್ತು ಅನ್ಸುತ್ತೆ." ಹೇಳಿ ತಾವೇ ನಕ್ಕರು.

ಆಮೇಲೆ ಶುರುವಾಯಿತು ಹೊಗಳಿಕೆ. ಮೇಡಂ ಒಂದು ಕಿವಿ ನಮ್ಮ ಎರಡು ಕಿವಿಗಿಂತ ಮೇಲು ಎಂದರು ಡಾಕ್ಟರು. ದೊಡ್ಡ ಹುಡುಗ ಫೋಟೊ ತೆಗೆಯಲು ಮೊಬೈಲ್ ಎತ್ತಿದ, ಎಲ್ಲರಿಗೂ ಸ್ಫೂರ್ತಿಯಾಗುವಂತೆ ನಾಲ್ಕು ಸಾಲು ಬರೆದು ಹಾಕುತ್ತಾನಂತೆ. ಮೊದಲ ಕೇಳ್ವಿಕೆ ಇವತ್ತಿನಿಂದ ಮತ್ತೆ ಆಂಟಿಯದೇ ಎಂದು ಚಿಕ್ಕವನು ಸಾರಿದ. ಬೇಕಾಗಿದ್ದದ್ದು ಕೈಗೆ ಬಂದಿತ್ತು. ಆದರೂ ನನಗೆ ಮೈ ಉರಿದುಹೋಯಿತು.

"ಮೊಬೈಲ್ ಇಳಿಸಪ್ಪ" ಎಂದೆ. "ನನ್ನ ಕಿವಿ ಹೋಗಿದೆ. ಅದು ನಷ್ಟ. ಅದ್ರಲ್ಲಿ ಮೇಲೂ ಇಲ್ಲ, ಸ್ಫೂರ್ತೀನೂ ಇಲ್ಲ. ಮೃದಂಗ ಬಲಗಡೆ ಇದೆಯಾ ಅಂತ ಕೇಳಿದ್ರೆ ನನಗೆ ಗೊತ್ತಾಗಲ್ಲ, ಇನ್ಮೇಲೆ ಗೊತ್ತಾಗೋದೂ ಇಲ್ಲ. ಇವತ್ತು ತಪ್ಪು ಹಿಡಿದೆ ಅಂತ ಕುರ್ಚಿ ಕೊಡ್ತಿದೀರಾ. ಮುಂದಿನ ವಾರ ನಾನೇ ತಪ್ಪು ಹೇಳ್ತೀನಿ ಅಂತಿಟ್ಕೊಳ್ಳಿ. ಆಗ ಮತ್ತೆ ಮೆತ್ತೆ ಕುರ್ಚೀನಾ?"

ಡಾಕ್ಟರು ಎಂಜಲೆಳೆಯುವ ಮಷೀನನ್ನು ಆರಿಸಿದರು. ಉತ್ತರ ಕೊಟ್ಟದ್ದು ಆಡಿಟರು.

"ನಾನು ಎಷ್ಟೋ ವಾರದಿಂದ ತಪ್ಪೇ ಹೇಳ್ತಿದೀನಿ ಮೇಡಂ. ನನ್ನನ್ನ ಯಾರೂ ಎಬ್ಬಿಸ್ಲಿಲ್ವಲ್ಲ" ಎಂದರು. ತಪ್ಪು ಹೇಳಿದರೂ ಕುರ್ಚಿ ನನ್ನದೇ ಎಂದು ಉಳಿದವರೂ ಒಪ್ಪಿದರು. ಕಾಫಿಯನ್ನು ಆವತ್ತು ಡಾಕ್ಟರೇ ಬಗ್ಗಿಸಿದರು.

ಮಾತು ಕೊಡುವುದು ಸುಲಭ. ಅದರ ಪರೀಕ್ಷೆ ಆದದ್ದು ಆ ತಿಂಗಳ ಕೊನೆಗೆ. ಬಿ.ಟಿ.ಎಂ. ಹುಡುಗರಲ್ಲಿ ಚಿಕ್ಕವನು ಸಾಯಂಕಾಲಗಳನ್ನೆಲ್ಲ ಸುರಿದು ಒಂದು ತಾಮ್ರದ ಕೇಬಲ್ ಮಾಡಿದ್ದ. ಅವನನ್ನು ಕಾರಿಡಾರಿಗೆ ಕಳಿಸಿ ನಾನು ಒರಗಿದೆ, ಕೇಳಿದೆ, ಟವೆಲ್ ತೆಗೆದೆ.

"ಮಂಕು. ಮೃದಂಗದ ಮೇಲೆ ಕಂಬಳಿ ಹೊದಿಸಿದ ಹಾಗಿದೆ" ಎಂದೆ.

ಬಾಗಿಲು ಸಂದಿಯಲ್ಲೇ ನಿಂತಿದ್ದ ಅವನು ಒಳಗೆ ನುಗ್ಗಿದ. ಮುಖ ಕೆಂಪಗಾಗಿತ್ತು. ಕುರ್ಚಿಯ ಬಲಗಡೆಗೆ ಬಂದು ನಿಂತು ಏನೋ ಗೊಣಗಿದ. ಅದು ನನಗೆ ಕೇಳಲಿಲ್ಲ, ಅವನ ಬಾಯಿ ಆಡುವುದಷ್ಟೇ ಕಂಡಿತು. ನಾನು ಸುಮ್ಮನಿದ್ದುದನ್ನು ನೋಡಿ ಅವನು ರೇಗಿಹೋಗಿ ದನಿ ಎತ್ತಿದ.

"ಏನ್ ಆಂಟಿ ನೀವು? ಕಿವಿ ಕೇಳ್ಸಲ್ವಾ ನಿಮ್ಗೆ?"

ಡಾಕ್ಟರು ಕಣ್ಣು ಮುಚ್ಚಿಕೊಂಡರು. ಆಡಿಟರು ಅವನ ತೋಳು ಹಿಡಿದರು. ತಾನೇನು ಹೇಳಿದೆನೆಂದು ಅವನಿಗೂ ಹೊಳೆದು ಮುಖದ ಕೆಂಪು ಇಳಿಯಿತು. ತಪ್ಪಾಯಿತು ಎನ್ನಲು ತುಟಿ ಬಿಚ್ಚುವುದರಲ್ಲಿದ್ದ. ಅದು ಹೊರಬಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಮತ್ತೆ ಎಲ್ಲರೂ ಕಾಲ್ಬೆರಳ ಮೇಲೆ ನಡೆಯುತ್ತಿದ್ದರು. ಬಲಗಿವಿ ಹೋದಂದಿನಿಂದ ನನ್ನನ್ನು ಬಾಯಿ ಬಿಟ್ಟು ಬೈದವರು ಒಬ್ಬರಿರಲಿಲ್ಲ. ಈಗ ಒಬ್ಬ ಸಿಕ್ಕಿದ್ದ. ಅವನನ್ನು ನಾನು ಬಿಡುವ ಹಾಗಿರಲಿಲ್ಲ.

"ಆ ಕಡೆ ಕೇಳ್ಸಲ್ಲ ಕಣೋ. ಬೈಯೋದಿದ್ರೆ ಈ ಕಡೆ ಬಂದು ಬೈ" ಎಂದೆ.

ಅವನು ಆಡಿಟರ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ಆಮೇಲೆ ಕುರ್ಚಿಯನ್ನು ಸುತ್ತಿಕೊಂಡು ನನ್ನ ಎಡಗಡೆಗೆ ಬಂದು ನಿಂತು, ಮೊದಲಿಂದ ಬೈಯಲು ಶುರುಮಾಡಿದ.